ಮೊರದ ರೆಕ್ಕೆ

ಹೋದ ತಿಂಗಳು ಹುಡುಗಿಯೊಬ್ಬಳು ಶಿಕಾರಿಪುರದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಹೈಸ್ಕೂಲಿಗೆ ಹೊಸದಾಗಿ ಡ್ರಾಯಿಂಗ್ ಟೀಚರ್ ಆಗಿ ಸೇರಿದ್ದಾಳಂತೆ. ಚಹಾ ಕುಡಿಯುತ್ತ, "ಮೇಡಂ, ನಿಮ್ಮ ಮೊರದ ರೆಕ್ಕೆ ಕಥೆ ನಮ್ಮ ಸೀನಿಯರ್‌ಗಳೆಲ್ಲ ಹೇಳ್ತಿರ್ತಾರೆ. ಇಡೀ ಊರಿಗೇ ಎದುರು ನಿಂತ್ರಂತೆ. ನಿಮ್ಮ ಬಾಯಲ್ಲೇ ಕೇಳ್ಬೇಕು ಅಂತ ಬಂದೆ" ಅಂದಳು. ಆ ಕಥೆಯನ್ನು ತರಬೇತಿಗಳಲ್ಲಿ ಹೇಳಿಕೊಂಡು ತಿರುಗಿದವಳು ನಾನೇ. ಚಪ್ಪಾಳೆ ಯಾವ ಮಾತಿಗೆ ಬೀಳುತ್ತದೆ ಅಂತಲೂ ನನಗೆ ಗೊತ್ತು. ಆದರೆ ಅವತ್ತು "ತಲೆನೋವು ಕಣಮ್ಮ, ಇನ್ನೊಂದು ದಿನ ಬಾ" ಅಂತ ಸುಳ್ಳು ಹೇಳಿ ಸಾಗಹಾಕಿದೆ. ಪಾಪ, ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳಂತೆ.

ಅವಳಿಗೂ ಅವಳಂಥ ಹೊಸಬರಿಗೂ ಇದನ್ನು ಬರೆಯುತ್ತಿದ್ದೇನೆ. ಸನ್ಮಾನದ ಶಾಲು, ಹಾರ ಹಾಕಿದ ಫೋಟೊ ಇದರಲ್ಲಿ ಸಿಗುವುದಿಲ್ಲ. ನಾಚಿಕೆಯಾಗುವ ಸಂಗತಿಗಳೇ ಹೆಚ್ಚು. ಓದಲು ಮನಸ್ಸಿಲ್ಲದವರು ಇಲ್ಲೇ ಬಿಡಬಹುದು, ನನಗೇನೂ ಬೇಜಾರಿಲ್ಲ.

ಡ್ರಾಯಿಂಗ್ ಟೀಚರ್ ಅಂದರೆ ಶಾಲೆಯಲ್ಲಿ ಯಾರು ಅಂತ ತಿಳಿದುಕೊಂಡೇ ಬನ್ನಿ. ಬ್ಯಾನರ್ ಬರೆಯುವವಳು. ಸ್ಟೇಜಿನ ಹಿಂದೆ ಅಂಟಿಸಲು ಥರ್ಮಾಕೋಲಿನಲ್ಲಿ ಅಕ್ಷರ ಕತ್ತರಿಸುವವಳು. ಕೈಬರಹ ದುಂಡಗಿದೆ ಅಂತ ಎಲ್ಲರ ಅಂಕಪಟ್ಟಿಯಲ್ಲೂ ಹೆಸರು ತುಂಬಿಕೊಡುವವಳು. ಸಾಹೇಬರು ಬರುವ ದಿನ ಬಾಗಿಲಿಗೆ ರಂಗೋಲಿ ಹಾಕುವವಳು. ಗಣಿತದ ಪಾಠ ಮುಗಿದಿಲ್ಲ ಅಂದರೆ ಹೋಗುವುದು ನನ್ನ ಪೀರಿಯಡ್, ವಿಜ್ಞಾನದ ಪಾಠ ಮುಗಿದಿಲ್ಲ ಅಂದರೂ ನನ್ನದೇ. ಮದುವೆಮನೆಗಳಲ್ಲಿ ನೆಂಟರು ಪರಿಚಯ ಮಾಡಿಸುತ್ತಾರೆ: "ಇವ್ರು ಹೈಸ್ಕೂಲ್ ಟೀಚರ್ರು." "ಹೌದಾ? ಯಾವ ಸಬ್ಜೆಕ್ಟ್?" "ಡ್ರಾಯಿಂಗ್." "ಓ..." ಆ 'ಓ' ಕೇಳಿ ಕೇಳಿ ನನಗೆ ಸಾಕಾಗಿತ್ತು. ಯಾವತ್ತಾದರೊಂದು ದಿನ ಇವರೆಲ್ಲ ಬಾಯಿ ಮುಚ್ಚುವಂಥದ್ದು ಮಾಡಿ ತೋರಿಸಬೇಕು ಅನ್ನುವ ಉರಿ ಒಳಗೇ ಇತ್ತು. ಮುಂದೆ ಆದದ್ದಕ್ಕೆಲ್ಲ ಮೂಲ ಅದೇ ಇರಬೇಕು.

ನನ್ನ ಮೊದಲ ಶಾಲೆ ಸೊರಬ ತಾಲ್ಲೂಕಿನಲ್ಲಿ, ಜಡೆಯಿಂದ ಇನ್ನೂ ಸ್ವಲ್ಪ ಒಳಗೆ. ಆಗಿನ ಪಾಠ ಸುಲಭ. ಬೋರ್ಡಿನ ಮೇಲೆ ನಾನು ಕೊಡ ಬರೆದರೆ ಮಕ್ಕಳು ಕೊಡ ಬರೆಯಬೇಕು. ನಾನು ಮಾವಿನಹಣ್ಣು ಬರೆದರೆ ಮಾವಿನಹಣ್ಣು. ಆಮೇಲೆ ಒಂದು ತರಬೇತಿಗೆ ಕರೆದರು, ಅಲ್ಲಿ 'ಕಸದಿಂದ ರಸ' ಅಂದರು. ಬೇಡದ ವಸ್ತುಗಳನ್ನು ಜೋಡಿಸಿ ಶಿಲ್ಪ ಮಾಡಿಸಬೇಕಂತೆ. ನಮಗೆ ಶಿಲ್ಪ ಅಂದರೆ ಕುಬಟೂರಿನ ದೇವಸ್ಥಾನದ ಕಂಬ, ಬಾಗಿಲವಾಡ. ಮುರಿದ ಛತ್ರಿಯೂ ಶಿಲ್ಪವಾಗುತ್ತದೆ ಅಂತ ಕೇಳಿ ತಲೆ ಗಿರ್ ಅಂದಿತು. ಆದರೂ ಹುರುಪಿನಲ್ಲಿ ಬಂದವಳೇ ಮಕ್ಕಳಿಗೆ, "ನಾಳೆ ಎಲ್ರೂ ಮನೆಯಿಂದ ಕಸ ತನ್ನಿ" ಅಂದೆ.

ಮಕ್ಕಳು ಮುಖ ಮುಖ ನೋಡಿಕೊಂಡರು. ಆ ಮನೆಗಳಲ್ಲಿ ಎಸೆಯುವುದು ಅಂತ ಏನಿತ್ತು? ಒಡೆದ ಮಡಕೆಯಲ್ಲಿ ಕೋಳಿಗೆ ನೀರಿಡುತ್ತಿದ್ದರು, ಹರಿದ ಸೀರೆ ಕೌದಿಯಾಗುತ್ತಿತ್ತು. ಟೀಚರ್ ಹೇಳಿದ್ದಾರಲ್ಲ ಅಂತ ಮಾರನೆಯ ದಿನ ಒಬ್ಬ ಪಾತ್ರೆಯ ಮುಚ್ಚಳ ತಂದ, ಒಬ್ಬಳು ಸೌಟು ತಂದಳು. ಮತ್ತೊಬ್ಬ ಒಂದು ಹಳೇ ಚಪ್ಪಲಿ ತಂದ. ಆ ಚಪ್ಪಲಿಯನ್ನು ಹಲಗೆಗೆ ಮೊಳೆ ಹೊಡೆದು, ಗುಂಡಿಯ ಕಣ್ಣಿಟ್ಟು, ಮೀನು ಮಾಡಿಸಿದೆ. ಬಹಳ ಚೆನ್ನಾಗಿ ಬಂದಿತ್ತು. ಮಧ್ಯಾಹ್ನ ಒಬ್ಬ ಗಂಡಸು ಕ್ಲಾಸಿನ ಬಾಗಿಲಲ್ಲಿ ಬಂದು ನಿಂತ. ಒಂದು ಕಾಲಲ್ಲಿ ಚಪ್ಪಲಿಯಿದೆ, ಇನ್ನೊಂದು ಬರಿಗಾಲು.

"ಟೀಚರಮ್ಮ, ನಮ್ಮ ಹುಡುಗ ಎಂಥದೋ ಕಸ ತಂದು ಕೊಟ್ನಂತೆ. ಅದು ನನ್ನ ಎಡಗಾಲಿಂದು ಮಾರಾಯ್ರೇ!"

ಇಡೀ ಕ್ಲಾಸು ಘೊಳ್ಳೆಂದಿತು. ಅವನೇ ಮೊಳೆ ಕಿತ್ತು ಚಪ್ಪಲಿ ಮೆಟ್ಟಿಕೊಂಡ. ನನ್ನ ಮುಖ ನೋಡಿ ಅಯ್ಯೋ ಅನ್ನಿಸಿತೋ ಏನೋ, "ಮೀನು ಒಳ್ಳೇ ಚಂದ ಆಗಿತ್ತು ಬಿಡಿ" ಅಂತ ಸಮಾಧಾನವನ್ನೂ ಹೇಳಿ ಹೋದ. ನೆಲ ಬಾಯಿಬಿಟ್ಟಿದ್ದರೆ ಆ ಕ್ಷಣವೇ ಇಳಿದುಹೋಗುತ್ತಿದ್ದೆ. ಅವತ್ತಿನಿಂದ ನನ್ನ ತರಗತಿಗೆ ಒಂದು ಕಾನೂನು ಮಾಡಿದೆ. ದುಡ್ಡು ಕೊಟ್ಟು ಏನೂ ತರಬಾರದು, ಮನೆಯಿಂದಲೂ ತರಬಾರದು. ಯಾರಿಗೂ ಸೇರದ, ಯಾರೂ ವಾಪಸ್ ಕೇಳದ ವಸ್ತು ಮಾತ್ರ ತರಬೇಕು. ಬಲು ಜಾಣ ಕಾನೂನು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಕಾಲ ಕಳೆದ ಹಾಗೆ ಪದ್ಧತಿ ಇನ್ನೂ ಮುಂದುವರಿಯಿತು. ಒಂದು ತರಬೇತಿಯಲ್ಲಿ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಬಿಟ್ಟು, ಮೈಮೇಲೆ ಧರಿಸುವ ಶಿಲ್ಪ ಅಂತ ತೋರಿಸಿದರು. ಯಾವುದೋ ದೇಶದವರು ಚಮಚಗಳ ಕೋಟು, ಪೈಪುಗಳ ಕಿರೀಟ ಹಾಕಿಕೊಂಡು ಓಡಾಡುತ್ತಿದ್ದರು. ನನಗದು ಹುಚ್ಚು ಹಿಡಿಸಿಬಿಟ್ಟಿತು. ಶಾಲೆಗೆ ಬಂದು ಮಕ್ಕಳಿಗೆ ಸಿಮೆಂಟ್ ಚೀಲದ ಅಂಗಿ, ಟ್ಯೂಬಿನ ಸೊಂಟಪಟ್ಟಿ, ಬಾಟಲಿ ಮುಚ್ಚಳದ ಸರ ಮಾಡಿಸಿ ಹಾಕಿಸಿದೆ. ಅದೇ ಹೊತ್ತಿಗೆ ತಪಾಸಣೆಗೆ ಬಂದ ಸಾಹೇಬರು ಕಿಟಕಿಯಲ್ಲಿ ಇಣುಕಿ, "ಏನಮ್ಮಾ ಇದು, ಹುಚ್ಚರ ಸಂತೆ?" ಅಂದರು. ಮಕ್ಕಳ ಮುಂದೆಯೇ ಅಂದರು. ಮಕ್ಕಳು ಒಬ್ಬೊಬ್ಬರಾಗಿ ಮೈಮೇಲಿದ್ದದ್ದನ್ನೆಲ್ಲ ಬಿಚ್ಚಿ ಬೆಂಚಿನ ಕೆಳಗೆ ತಳ್ಳಿದರು.

ಅಲ್ಲಿಂದ ವರ್ಗವಾಗಿ ಬಂದದ್ದು ಶಿಕಾರಿಪುರ ತಾಲ್ಲೂಕಿನ ಒಂದು ಊರಿಗೆ, ಅಂಬ್ಲಿಗೊಳ ಡ್ಯಾಮಿನ ನೀರು ಹರಿಯುವ ಕಡೆ. ಶಾಲೆಯ ಮುಂದೆಯೇ ಊರಿನ ರಸ್ತೆ, ಅದರ ತುದಿಗೆ ಚಾನಲ್ಲು. ಚಾನಲ್ಲಿನ ತಿರುವು ದಾಟಿ ಹೋದರೆ ಊರಗಡಿಯ ಬೇವಿನಮರ. ಹೆಡ್‌ಮಾಸ್ಟರು ಹಾಲಪ್ಪನವರು ಗಟ್ಟಿಯಾಗಿ ಸೀನಿದರೂ ಯಾರಿಗಾದರೂ ತೊಂದರೆಯಾಯಿತಾ ಅಂತ ಸುತ್ತ ನೋಡುವ ಮನುಷ್ಯ. ನನ್ನನ್ನು ಕಂಡರೆ ಅವರಿಗೆ ಒಂಥರಾ ಹೆದರಿಕೆ. ನನ್ನ ಬಾಯಿಗೆ ಹೆದರದವರು ಆ ಶಾಲೆಯಲ್ಲಿ ಕಡಿಮೆ.

ನೇತ್ರಾ ಅಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದಳು. ಶೇಖರಪ್ಪ ಅನ್ನುವ ಮೆಕ್ಕೆಜೋಳದ ರೈತರ ಮಗಳು. ಮಾತು ಕಮ್ಮಿ. ಆದರೆ ಅವಳ ಕೈ ಇತ್ತಲ್ಲ, ಅಬ್ಬಾ! ಒಂದು ತುಂಡು ತಂತಿ ಕೊಟ್ಟರೆ ಮಾತಾಡುತ್ತಲೇ ಅದನ್ನು ಕೊಕ್ಕರೆ ಮಾಡಿ ಡೆಸ್ಕಿನ ಮೇಲೆ ನಿಲ್ಲಿಸುತ್ತಿದ್ದಳು. ನನ್ನ ಅಷ್ಟು ವರ್ಷದ ನೌಕರಿಯಲ್ಲಿ ಅಂಥ ಮಗು ಇನ್ನೊಂದು ಸಿಗಲಿಲ್ಲ. ನಾನೇ ಅವರ ಮನೆಗೆ ಹೋಗಿ, ಹತ್ತನೇದು ಮುಗಿದ ಮೇಲೆ ಇವಳನ್ನು ದಾವಣಗೆರೆಗೆ ಚಿತ್ರಕಲೆ ಓದಲು ಕಳಿಸಿ ಅಂತ ಕೇಳಿದ್ದೆ. ಶೇಖರಪ್ಪ ನಕ್ಕುಬಿಟ್ಟಿದ್ದರು.

"ಚಿತ್ರ ಬರ್ಯಾಕ ಓದಬೇಕೇನ್ರಿ ಮೇಡಂ? ಆತು, ಜಿಲ್ಲಾಮಟ್ಟದಾಗ ಒಂದು ಪ್ರೈಜ್ ತರ್ಲಿ ನೋಡೋಣ. ಆಗ ಕಳಿಸ್ತೀನಿ."

ನೇತ್ರಾ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳ ಕಣ್ಣು ಅಗಲವಾದದ್ದು ನನಗೆ ಇನ್ನೂ ನೆನಪಿದೆ.

ಆ ವರ್ಷ ಸ್ಪರ್ಧೆಗೆ ಧರಿಸುವ ಶಿಲ್ಪವನ್ನೂ ಸೇರಿಸಿದ್ದರು. ನಾನು ಕ್ಲಾಸಿನಲ್ಲಿ ನನ್ನ ಕಾನೂನು ಹೇಳಿದೆ: ಯಾರಿಗೂ ಸೇರದ ವಸ್ತು. ಎರಡು ದಿನ ಬಿಟ್ಟು ನೇತ್ರಾ ಸ್ಟಾಫ್ ರೂಮಿನ ಹೊರಗೆ ಬಂದು ನಿಂತಳು.

"ಟೀಚರ್, ಗಡೀಲಿ ಮೊರ ಬಿದ್ದಾವಲ್ಲ, ಅವು ಆಗ್ತಾವಾ?"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆ ಕಡೆಯವರಿಗೆ ಹೇಳುತ್ತೇನೆ. ಆಷಾಢದಲ್ಲಿ ಅಜ್ಜಿ ಹಬ್ಬ ಮಾಡುತ್ತಾರೆ. ಮಕ್ಕಳಿಗೆ ಅಮ್ಮ ಏಳದಿರಲಿ, ಅಂದರೆ ಸಿಡುಬು, ದಡಾರದಂಥ ಬೊಕ್ಕೆಯ ಕಾಯಿಲೆ ಬಾರದಿರಲಿ ಅಂತ ಹೋಳಿಗೆ ಮಾಡಿ, ಅಂಗೈಯಗಲದ ಪುಟ್ಟ ಮೊರ, ಹಸಿರು ಬಳೆ, ಕುಪ್ಪಸದ ಬಟ್ಟೆ, ಬೇವಿನಸೊಪ್ಪು ಎಲ್ಲ ಒಯ್ದು ಊರಗಡಿಯ ಮರದ ಬುಡದಲ್ಲಿಟ್ಟು 'ಅಜ್ಜಿ'ಯನ್ನು ಕಳಿಸಿಬರುತ್ತಾರೆ. ಇಟ್ಟು ಬರುವಾಗ ಹಿಂತಿರುಗಿ ನೋಡುವುದಿಲ್ಲ. ಅದನ್ನು ಮತ್ತೆ ಯಾರೂ ಮುಟ್ಟುವುದಿಲ್ಲ, ಮಳೆಗೆ ಕೊಳೆತು ಮಣ್ಣಾಗುತ್ತದೆ. ನಮ್ಮ ಅಮ್ಮನೂ ಪ್ರತಿವರ್ಷ ಕಳಿಸುತ್ತಿದ್ದಳು. ಹಾಗಾಗಿ ನನಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಊರಿನಲ್ಲಿ ಯಾರಿಗೂ ಸೇರದ ವಸ್ತು ಇರುವುದು ಅದೊಂದೇ ಕಡೆ. ನನ್ನ ಕಾನೂನೇ ಆ ಹುಡುಗಿಯನ್ನು ಅಲ್ಲಿಗೆ ಕಳಿಸಿತ್ತು.

"ಆಗ್ತಾವೆ, ಅದಕ್ಕೇನು? ಯಾರೂ ವಾಪಸ್ ಕೇಳಲ್ಲ ತಾನೇ" ಅಂದೆ.

ಹುಡುಗಿ ಚೀಲ ತುಂಬ ಮೊರ ತಂದಳು. ಮಳೆಗೆ ಅಂಚು ಕಪ್ಪಾಗಿತ್ತು, ಒಳಗೆ ಅರಿಶಿನ ಕುಂಕುಮ ಹಾಗೇ ಮೆತ್ತಿಕೊಂಡಿತ್ತು. ಅವಳು ತೊಳೆಯಲು ಹೊರಟಾಗ, "ಬೇಡ, ಆ ಬಣ್ಣ ಇರಲಿ, ಚೆಂದ" ಅಂತ ತಡೆದವಳೂ ನಾನೇ. ಒಂದರ ಮೇಲೊಂದು ಮೊರ ಹೊಂದಿಸಿ, ತಂತಿಯಲ್ಲಿ ಬಿಗಿದು, ನೇತ್ರಾ ಎರಡು ದೊಡ್ಡ ರೆಕ್ಕೆ ಮಾಡಿದಳು. ತುದಿಗಳಲ್ಲಿ ಹಸಿರು ಬಳೆ ಕಟ್ಟಿದಳು. ಭುಜಕ್ಕೆ ಸೈಕಲ್ ಟ್ಯೂಬಿನ ಪಟ್ಟಿ. ಹಾಕಿಕೊಂಡು ತೋಳೆತ್ತಿದರೆ ಮೊರಗಳು ಬಿಚ್ಚಿಕೊಂಡು, ಬಳೆಗಳು ಘಲ್ ಅನ್ನುತ್ತಿದ್ದವು. ನನಗೆ ಮೈ ಜುಮ್ ಅಂದಿತು. ಜಿಲ್ಲೆ ಯಾಕೆ, ರಾಜ್ಯಕ್ಕೇ ಹೋಗುತ್ತದೆ ಅನ್ನಿಸಿತು.

ಪಟ್ಟಿ ಕಟ್ಟುವಾಗ ಅವಳು ಒಂದು ಮಾತು ಕೇಳಿದಳು. "ಟೀಚರ್, ಗಂಟು ಎದೆ ಮುಂದೆ ಬಂದ್ರೆ ನಾನೇ ಕಟ್ಕೋಬಹುದು."

"ಮುಂದೆ ಗಂಟು ಕಂಡ್ರೆ ಅಸಹ್ಯ ಕಾಣುತ್ತೆ ಕಣೇ. ಬೆನ್ನ ಮೇಲೆ ಬರ್ಲಿ, ರೆಕ್ಕೆ ಮರೆಯಾಗಿ ಹೋಗುತ್ತೆ."

"ನಂಗೆ ಕೈ ನಿಲುಕಲ್ಲ ಟೀಚರ್."

"ಕಟ್ಟೋಕೆ ಬಿಚ್ಚೋಕೆ ನಾನಿಲ್ವಾ?" ಅಂದೆ.

ಆಗಸ್ಟ್ ಹದಿನೈದಕ್ಕೆ ಊರವರೆಲ್ಲ ಶಾಲೆಯ ಬಯಲಿನಲ್ಲಿ ಸೇರಿದ್ದರು. ನಾನು ಹೆಮ್ಮೆಯಿಂದ ಹುಡುಗಿಯ ಬೆನ್ನಿಗೆ ರೆಕ್ಕೆ ಕಟ್ಟಿ ಮುಂದೆ ಕಳಿಸಿದೆ. ಅವಳು ತೋಳೆತ್ತಿದಳು. ಮಕ್ಕಳು ಹೋ ಅಂದರು. ಹೆಂಗಸರ ಸಾಲು ಮಾತ್ರ ಸ್ತಬ್ಧವಾಗಿಬಿಟ್ಟಿತು. ಒಬ್ಬರು ಮಗುವಿನ ಕಣ್ಣಿಗೆ ಸೆರಗು ಮುಚ್ಚಿದರು. ಯಾರೂ ಜಗಳ ಮಾಡಲಿಲ್ಲ, ಯಾರೂ ಕೂಗಾಡಲಿಲ್ಲ. ಎದ್ದು ಹೋದರು, ಅಷ್ಟೇ. ಮಿಠಾಯಿ ಬಹಳಷ್ಟು ಹಾಗೇ ಉಳಿಯಿತು.

ಆ ತಿಂಗಳ ಕೊನೆಯಲ್ಲಿ ಊರಲ್ಲಿ ಅಮ್ಮ ಎದ್ದಿತು. ಚಿಕನ್ ಪಾಕ್ಸ್. ಮೊದಲು ಎಂಟನೇ ಕ್ಲಾಸಿನ ಒಬ್ಬ, ಆಮೇಲೆ ಬೆಂಚು ಬೆಂಚೇ ಖಾಲಿ. ಬೇರೆ ಊರುಗಳಲ್ಲೂ ಇತ್ತು, ಆಸ್ಪತ್ರೆಯವರು ಬಂದು ಹೇಳಿದರು, ನಾನೂ ಹೇಳಿದೆ. ಯಾರು ಕೇಳುತ್ತಾರೆ? ಕಳಿಸಿದ ಅಜ್ಜಿಯನ್ನು ಶೇಖರಪ್ಪನ ಮಗಳು ಬೆನ್ನ ಮೇಲೆ ಹೊತ್ತು ತಂದಳು ಅಂತ ಊರೆಲ್ಲ ಮಾತಾಯಿತು. ಕೊಳಾಯಿಯ ಹತ್ತಿರ ಅವಳ ಕೊಡದ ಪಕ್ಕ ಯಾರೂ ಕೊಡ ಇಡುತ್ತಿರಲಿಲ್ಲ.

ಶೇಖರಪ್ಪ, ಅವರ ಹೆಂಡತಿ ಗಂಗಮ್ಮ, ಊರಿನ ನಾಲ್ಕಾರು ಹಿರಿಯರು ಹೆಡ್‌ಮಾಸ್ಟರ ಕೋಣೆಗೆ ಬಂದರು. ಗಲಾಟೆಗೆ ಬಂದಿದ್ದಾರೆ ಅಂತ ನಾನು ಸೆರಗು ಸಿಕ್ಕಿಸಿಕೊಂಡೇ ಒಳಗೆ ಹೋದೆ. ಅವರು ಕೈಮುಗಿದು ಎದ್ದು ನಿಂತರು. ಮಾತಾಡಿದ್ದು ಗಂಗಮ್ಮ.

"ಟೀಚರ್, ನಿಮ್ಮ ಮ್ಯಾಲೆ ನಮ್ದೇನೂ ಸಿಟ್ಟಿಲ್ರಿ. ಅದನ್ನ ಎಲ್ಲಿಂದ ತಂದ್ವೋ ಅಲ್ಲೇ ಇಟ್ಟು ಬರೋದೈತಿ. ನಮ್ಮ ಹುಡುಗಿ ಒಬ್ಳೇ ಹೊತ್ಕೊಂಡು ಹೋದ್ರೆ ತಪ್ಪು ಅವಳ್ದು ಅಂತ ಆಗ್ತೈತಿ, ಹೆಸರು ಕೆಡ್ತೈತಿ. ನೀವು ಜೋಡಿ ಬಂದ್ರೆ ಶಾಲೆಯವ್ರು ತಂದಿದ್ರು, ಶಾಲೆಯವ್ರೇ ಕಳಿಸಿದ್ರು ಅಂತ ಮಾತು ಮುಗೀತೈತಿ. ನೀವು ಕೈ ಮುಗೀಬ್ಯಾಡ್ರಿ, ಏನೂ ಬ್ಯಾಡ್ರಿ. ಸುಮ್ನ ಅವಳ ಜೋಡಿ ಬಂದು ನಿಂತ್ರ ಸಾಕು."

"ಸ್ಪರ್ಧೆಗೆ ಬೇರೆ ಏನಾದ್ರೂ ಮಾಡಿಸ್ರಿ ಮೇಡಂ, ನಾ ಬ್ಯಾಡ ಅನ್ನಂಗಿಲ್ಲ" ಅಂತ ಶೇಖರಪ್ಪನೂ ಅಂದರು.

ಇದಕ್ಕಿಂತ ಮರ್ಯಾದೆಯಾಗಿ ಯಾರಾದರೂ ಕೇಳಲು ಸಾಧ್ಯವಾ? ನಾನು ಎದ್ದು ನಿಂತು ಭಾಷಣ ಮಾಡಿದೆ. ವೈರಸ್ ಅಂದರೆ ಏನು, ಮೂಢನಂಬಿಕೆ ಅಂದರೆ ಏನು, ಮಕ್ಕಳ ಕೈಕೆಲಸವನ್ನು ಮರದ ಬುಡಕ್ಕೆ ಎಸೆಯುವುದು ಎಂಥ ಪಾಪ, ಎಲ್ಲ ಹೇಳಿದೆ. "ನಾನು ಓದಿದವಳು. ಗಡಿಗೆ ಬಂದು ನಿಲ್ಲೋದು ನನ್ನಿಂದ ಸಾಧ್ಯವೇ ಇಲ್ಲ. ರೆಕ್ಕೆ ಬೀರುವಿನಲ್ಲಿದೆ, ಸ್ಪರ್ಧೆ ಆಗೋವರೆಗೂ ಅಲ್ಲೇ ಇರುತ್ತೆ" ಅಂದೆ. ತರಬೇತಿಗಳಲ್ಲಿ ಚಪ್ಪಾಳೆ ಬೀಳುತ್ತಿದ್ದದ್ದು ಈ ಮಾತಿಗೇ. ನಾನು ಹೇಳಿದ ವಿಜ್ಞಾನ ಸುಳ್ಳಲ್ಲ, ಇವತ್ತೂ ಅದನ್ನೇ ಹೇಳುತ್ತೇನೆ. ಆದರೆ ಅವತ್ತು ನನ್ನನ್ನು ಹಿಡಿದು ನಿಲ್ಲಿಸಿದ್ದು ವಿಜ್ಞಾನವಲ್ಲ. ಪ್ರೈಜು. ನನ್ನ ಹೆಸರು. ಆ 'ಓ' ಅನ್ನುವವರ ಬಾಯಿ ಮುಚ್ಚಿಸುವ ಆಸೆ. ಗಂಗಮ್ಮ ಕೇಳಿದ್ದು ನಂಬಿಕೆಯನ್ನಲ್ಲ, ಜೊತೆಯನ್ನು. ಅಷ್ಟೂ ನನಗೆ ಅರ್ಥವಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನದ ಊಟ ಮುಗಿದ ಮೇಲೆ ಹಾಲಪ್ಪನವರು ನನ್ನ ಮೇಜಿನ ಹತ್ತಿರ ಬಂದರು. "ಮೇಡಂ, ಬೀರು ಕೀ ಕೊಡ್ರಿ. ಹುಡುಗಿ ಬಂದು ನಿಂತಾಳ. ತಂದವ್ರೇ ಇಟ್ಟು ಬರ್ಬೇಕಂತ, ಮನೆಯವ್ರು ಜೋಡಿ ಹೋಗಂಗಿಲ್ಲಂತ. ನೀವೂ ಒಂದೀಟು ಹೋಗಿಬಂದಿದ್ರ..." ನಾನು ಕೀ ಗೊಂಚಲನ್ನು ಮೇಜಿನ ಮೇಲೆ ಎಸೆದೆ. ಅವರು ಹೆಕ್ಕಿಕೊಂಡು ಹೋದರು.

ರೆಕ್ಕೆ ಕೈಯಲ್ಲಿ ಹಿಡಿದೊಯ್ಯುವಂಥದ್ದಲ್ಲ, ಅಷ್ಟು ಅಗಲ. ಹಾಕಿಕೊಂಡೇ ಹೋಗಬೇಕು. ಹಾಲಪ್ಪನವರೇ ತಡವರಿಸಿ ಬೆನ್ನಿನ ಮೇಲೆ ಗಂಟು ಹಾಕಿದರು, ಬಿಚ್ಚಿಹೋದೀತು ಅಂತ ಗಂಟಿನ ಮೇಲೆ ಗಂಟು. ನೇತ್ರಾ ಮೊರದ ರೆಕ್ಕೆ ಹೊತ್ತು ಗೇಟು ದಾಟಿದಳು. ನಾನು ಸ್ಟಾಫ್ ರೂಮಿನ ಕಿಟಕಿಯಲ್ಲಿ ನಿಂತು ನೋಡಿದೆ. ಅವಳು ಬರುತ್ತಿದ್ದ ಹಾಗೆ ರಸ್ತೆಯ ಎರಡೂ ಕಡೆ ಬಾಗಿಲು ಹಾಕಿಕೊಂಡರು. ಗಾಳಿ ಬಂದಾಗ ರೆಕ್ಕೆ ಅವಳನ್ನು ಪಕ್ಕಕ್ಕೆ ನೂಕುತ್ತಿತ್ತು, ಅವಳು ನಿಂತು ಸರಿಮಾಡಿಕೊಂಡು ಮತ್ತೆ ನಡೆಯುತ್ತಿದ್ದಳು. ಬಳೆಯ ಸದ್ದು ಚಾನಲ್ಲಿನ ತಿರುವಿನವರೆಗೂ ಕೇಳುತ್ತಿತ್ತು. ಆಮೇಲೆ ಅವಳು ಕಾಣಲಿಲ್ಲ. ನಾನು ಬಂದು ಕುರ್ಚಿಯಲ್ಲಿ ಕೂತು ಯಾರದೋ ಅಂಕಪಟ್ಟಿಯಲ್ಲಿ ಹೆಸರು ತುಂಬಿದೆ.

ಕೊನೆಯ ಪೀರಿಯಡ್ ನನ್ನದೇ. ಬೆಲ್ ಹೊಡೆದು ಮಕ್ಕಳು ಚೀಲ ಹೆಗಲಿಗೇರಿಸುವ ಹೊತ್ತಿಗೆ ನೇತ್ರಾ ಬಾಗಿಲಲ್ಲಿ ಬಂದು ನಿಂತಳು. ಯೂನಿಫಾರ್ಮಿನ ಬೆನ್ನು ಹರಿದಿತ್ತು. ನನ್ನ ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು.

"ಅರ್ಧ ದಿನ ಎಲ್ಲಿಗೆ ಹೋಗಿದ್ದೆ? ಊರ ಗಡಿ ಏನು ಕಾಶಿಯಲ್ಲಿದೆಯಾ? ಯೂನಿಫಾರ್ಮ್ ಬೇರೆ ಹರ್ಕೊಂಡು ಬಂದಿದ್ದೀಯ, ಮರ ಹತ್ತೋಕೆ ಹೋಗಿದ್ಯಾ?"

ಮಕ್ಕಳು ಕಿಸಕ್ಕನೆ ನಕ್ಕರು. ಅವಳು ತಲೆ ತಗ್ಗಿಸಿ ಬಂದು ತನ್ನ ಚೀಲ ತೆಗೆದುಕೊಂಡು ಹೋದಳು.

ಸ್ವಲ್ಪ ದಿನಕ್ಕೆ ನನಗೇ ಅಮ್ಮ ಎದ್ದಿತು. ಹೌದು, ಊರಿಗೆಲ್ಲ ವೈರಸ್ ಪಾಠ ಮಾಡಿದವಳಿಗೇ. ಮೈತುಂಬ ಗುಳ್ಳೆ, ಉರಿ, ಮುಖ ನೋಡಿಕೊಳ್ಳಲು ಭಯ. ಶಿಕಾರಿಪುರದ ಮನೆಯಲ್ಲಿ ಬೇವಿನಸೊಪ್ಪಿನ ಮೇಲೆ ಮಲಗಿದ್ದೆ. ನನ್ನ ಹೆತ್ತಮ್ಮ ಹೇಳದೆ ಕೇಳದೆ ಹೋಳಿಗೆ ಮಾಡಿ, ಮೊರ ತಂದು, ನನ್ನ ಹೆಸರಲ್ಲಿ ಅಜ್ಜಿಯನ್ನು ಕಳಿಸಿ ಬಂದಳು. ನಾನು ಗೊಣಗಿದ್ದಕ್ಕೆ, "ನೀ ನಂಬಬ್ಯಾಡ, ನಾ ನಂಬ್ತೀನಿ. ಸುಮ್ನ ಮಲ್ಕೋ" ಅಂದಳು. ಅಮ್ಮ ಬಡಿಸಿದ ಹೋಳಿಗೆಯನ್ನು ನಾನು ಸುಮ್ಮನೆ ತಿಂದೆ. ತರಬೇತಿಯಲ್ಲಿ ಕಥೆ ಹೇಳುವಾಗ ಈ ಹೋಳಿಗೆಯ ಸುದ್ದಿಯನ್ನು ಒಮ್ಮೆಯೂ ಎತ್ತಿಲ್ಲ.

ಆ ವಾರವೇ ಗಂಗಮ್ಮ ಬಂದರು, ಎಳನೀರು ತೆಗೆದುಕೊಂಡು. ಬಾಗಿಲಲ್ಲೇ ಕೂತು, "ಕೆರ್ಕೋಬ್ಯಾಡ್ರಿ ಟೀಚರ್, ಕಲೆ ಉಳೀತಾವ" ಅಂದರು. ಒಂದು ಕೊಂಕು ಮಾತಿಲ್ಲ, ಒಂದು ವಾರೆನೋಟವಿಲ್ಲ. ನೇತ್ರಾ ಹೇಗಿದ್ದಾಳೆ ಅಂತ ಕೇಳಿದ್ದಕ್ಕೆ, "ಅದಾಳ್ರಿ" ಅಂದರು, ಅಷ್ಟೇ. ನಾನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡೆ. ಗುಳ್ಳೆಯ ಮುಖ ಕಾಣಬಾರದು ಅಂತ ಅಂದುಕೊಂಡಿರಬೇಕು ಅವರು.

ವಾಪಸ್ ಹೋಗುವ ಹೊತ್ತಿಗೆ ಸ್ಪರ್ಧೆಯ ದಿನ ಕಳೆದಿತ್ತು. ಮುಂದಿನ ವರ್ಷಕ್ಕಾದರೂ ಕಳಿಸಿ ಅಂತ ಕೇಳಲು ಹೋದರೆ ಶೇಖರಪ್ಪ ಕೈಮುಗಿದುಬಿಟ್ಟರು. "ಚಿತ್ರದ ಸಾವಾಸ ಸಾಕ್ರಿ ಮೇಡಂ. ಓಣ್ಯಾಗ ನನ್ನ ಮಗಳಿಗೆ ಅಜ್ಜಿ ಅಜ್ಜಿ ಅಂತ ಕರೀತಾವ ಹುಡುಗ್ರು." ನೇತ್ರಾ ಹತ್ತನೇದು ಮುಗಿಸಿ ಹೊಲಿಗೆ ಕಲಿಯಲು ಹೋದಳು ಅಂತ ಕೇಳಿದೆ. ದಾವಣಗೆರೆಗೆ ಯಾರೂ ಹೋಗಲಿಲ್ಲ. ನನಗೂ ವರ್ಗವಾಯಿತು. ಕಥೆ ಮಾತ್ರ ನನ್ನ ಜೊತೆ ಬಂತು, ಹೇಳುತ್ತ ಹೇಳುತ್ತ ನಾನು ಅದರಲ್ಲಿ ಇನ್ನಷ್ಟು ಧೀರಳಾಗುತ್ತ ಹೋದೆ.

ಇಷ್ಟೇ ಆಗಿದ್ದರೆ ನಾನು ಆ ಹೊಸ ಟೀಚರಿಗೆ ಅದೇ ಹಳೇ ಕಥೆಯನ್ನು ಹೇಳಿ ಕಳಿಸುತ್ತಿದ್ದೆನೋ ಏನೋ. ಆದರೆ ಹೋದ ವರ್ಷ ಸೊರಬದಲ್ಲಿ ಒಂದು ಘಟನೆ ನಡೆಯಿತು. ನನ್ನ ಮಗಳ ಮನೆ ಅಲ್ಲಿದೆ. ಮೊಮ್ಮಗಳು ಅನ್ವಿಗೆ ಶಾಲೆಯಲ್ಲಿ ಛದ್ಮವೇಷ, ನವಿಲಾಗಬೇಕಂತೆ. ವೇಷ ಬಾಡಿಗೆಗೆ ಕೊಡುವ ಅಂಗಡಿಯೊಂದು ಪೇಟೆಯಲ್ಲಿದೆ ಅಂದರು, ಕರೆದುಕೊಂಡು ಹೋದೆ. ಸಣ್ಣ ಅಂಗಡಿ. ಒಂದು ಹೊಲಿಗೆ ಮಷೀನು, ಗೋಡೆ ತುಂಬ ಹುಲಿ, ಚಿಟ್ಟೆ, ಗರುಡನ ವೇಷ. ಗೊಬ್ಬರದ ಚೀಲದ ದಾರ, ಹಳೇ ಛತ್ರಿಯ ಕಡ್ಡಿ, ಪ್ಲಾಸ್ಟಿಕ್ ಬಾಟಲಿ, ಅದರಲ್ಲೇ ಎಂಥೆಂಥ ರೆಕ್ಕೆಗಳು! ನಾನು ಬಾಯಿ ತೆರೆದು ನೋಡುತ್ತ ನಿಂತಿದ್ದೆ. ಮಷೀನಿನ ಹಿಂದಿನಿಂದ ಒಬ್ಬಳು ಎದ್ದು ಬಂದು ನನ್ನ ಕಾಲು ಮುಟ್ಟಿದಳು.

"ಟೀಚರ್, ಗುರ್ತು ಸಿಗಲಿಲ್ವಾ? ನಾನು ನೇತ್ರಾ."

ಸೊರಬಕ್ಕೇ ಕೊಟ್ಟಿದ್ದಾರಂತೆ. ಗಂಡ ಒಳ್ಳೆಯವರಂತೆ, ಅಂಗಡಿ ನಡೆಯುತ್ತಿದೆಯಂತೆ. ಸ್ಟೂಲು ಒರೆಸಿ ಕೂರಿಸಿದಳು, ಚಹಾ ತರಿಸಿದಳು, ಟೇಪು ತೆಗೆದು ಅನ್ವಿಯ ಭುಜ ಅಳೆಯತೊಡಗಿದಳು. ನನಗೆ ಏನಾದರೂ ಹೇಳಬೇಕಿತ್ತು. ಕಡೆಗೆ, "ಅವತ್ತು ನಾನು ನಿನ್ನ ಜೊತೆ ಬರ್ಬೇಕಿತ್ತು ಕಣೇ" ಅಂದೆ.

ಅವಳು ಟೇಪಿನಿಂದ ಕಣ್ಣೆತ್ತಲಿಲ್ಲ. "ನಾನೂ ಬರ್ತೀರಿ ಅಂದ್ಕೊಂಡಿದ್ದೆ ಟೀಚರ್. ಕೀ ನೀವೇ ಕೊಟ್ರಿ ಅಂತ ಹೆಡ್‌ಮಾಸ್ಟ್ರು ಅಂದ್ರು. ಕೀ ಕೊಟ್ಟಿದ್ದಾರೆ ಅಂದ್ಮೇಲೆ ಹಿಂದಿನಿಂದ ಬಂದೇ ಬರ್ತಾರೆ ಅಂತ ಬೇವಿನಮರದ ಕೆಳಗೆ ಕೂತಿದ್ದೆ."

"ಎಷ್ಟು ಹೊತ್ತು?"

"ಕೊನೇ ಪೀರಿಯಡ್ ಶುರುವಾಗೋ ಬೆಲ್ ಕೇಳೋವರೆಗೂ."

"ಅಯ್ಯೋ, ರೆಕ್ಕೆ ಇಟ್ಟು ಬರೋದಲ್ವೇನೇ?"

ಆಗ ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ನನಗೆ ಇದೂ ಗೊತ್ತಿಲ್ಲವಲ್ಲ ಅಂತ ಆಶ್ಚರ್ಯಪಟ್ಟಂತಿತ್ತು.

"ಹೆಂಗೆ ಇಡ್ಲಿ ಟೀಚರ್? ಗಂಟು ಬೆನ್ನ ಮೇಲಿತ್ತಲ್ಲ. ಬಿಚ್ಚೋಕೆ ನೀವು ಬರ್ತೀರಿ ಅಂತ ಕಾದೆ. ಬೆಲ್ ಆದ್ಮೇಲೆ ಮರಕ್ಕೆ ಬೆನ್ನು ಕೊಟ್ಟು ಉಜ್ಜಿ ಉಜ್ಜಿ ಪಟ್ಟಿ ಹರಿದೆ. ಯೂನಿಫಾರ್ಮೂ ಹರೀತು."

ಮರ ಹತ್ತೋಕೆ ಹೋಗಿದ್ಯಾ ಅಂತ ಕ್ಲಾಸಿನ ಮುಂದೆ ಕೇಳಿದ್ದೆ ನಾನು. ಚಹಾದ ಲೋಟ ಕೆಳಗಿಟ್ಟೆ. ನಾಚಿಕೆ ಅನ್ನುವ ಮಾತನ್ನು ಮೊದಲಲ್ಲೇ ಬರೆದೆ. ಅದು ನಿಜವಾಗಿ ಏನು ಅಂತ ಗೊತ್ತಾದದ್ದು ಆ ಸ್ಟೂಲಿನ ಮೇಲೆ. "ತಪ್ಪಾಯ್ತಮ್ಮ" ಅಂದೆ. ಶಿಷ್ಯೆಗೆ ಕೈಮುಗಿಯಲು ಹೋದೆ. ಅವಳು ಗಾಬರಿಯಾಗಿ ಎರಡೂ ಕೈ ಹಿಡಿದುಕೊಂಡಳು. "ಬಿಡಿ ಟೀಚರ್, ಎಂಥದು ಇದು, ಮಗು ನೋಡ್ತಿದೆ" ಅಂದಳು.

ಆಮೇಲೆ ಗೋಡೆಯಿಂದ ನವಿಲಿನ ರೆಕ್ಕೆ ಇಳಿಸಿ ಅನ್ವಿಗೆ ತೊಡಿಸಿದಳು. ಬೆನ್ನು ಬಳಸಿ ಬಂದ ಪಟ್ಟಿಗಳನ್ನು ಎದೆಯ ಮುಂದೆ ತಂದು ಮಗುವಿನ ಕೈಗೇ ಕೊಟ್ಟಳು. ನಾನು ಎದ್ದು ಗೋಡೆಯ ಮೇಲಿದ್ದ ಹುಲಿ, ಚಿಟ್ಟೆ, ಗರುಡ ಎಲ್ಲವನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲದಕ್ಕೂ ಗಂಟು ಮುಂದೆಯೇ ಇತ್ತು.

ಹೊಸದಾಗಿ ಸೇರಿದವರೇ, ಅಷ್ಟು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಇದೊಂದೇ, ಅದನ್ನೂ ನಿವೃತ್ತಿಯಾದ ಮೇಲೆ ಕಲಿತೆ. ಮಗುವಿನ ಮೈಮೇಲೆ ಏನನ್ನೇ ಹಾಕಿ, ಅದನ್ನು ಮಗು ತಾನೇ ಬಿಚ್ಚಿಕೊಳ್ಳುವ ಹಾಗೆ ಮಾಡಿ. ಆಗದಿದ್ದರೆ ಜೊತೆಗೆ ಹೋಗಿ. ಆ ಹುಡುಗಿ ಮತ್ತೆ ಬಂದರೆ ಈ ಸಲ ತಲೆನೋವು ಅನ್ನುವುದಿಲ್ಲ, ಕೂರಿಸಿಕೊಂಡು ಎಲ್ಲ ಹೇಳುತ್ತೇನೆ.

ಅಂಗಡಿಯ ಕನ್ನಡಿಯ ಮುಂದೆ ಅನ್ವಿ ತೋಳು ಬಡಿದು ಬಡಿದು ಕುಣಿದಳು. ಸಾಕಾಯಿತೆಂದು ಗಂಟಿನ ತುದಿ ಹಿಡಿದೆಳೆದಳು. ರೆಕ್ಕೆ ಜಾರಿ ನೆಲಕ್ಕೆ ಬಿತ್ತು.

"ಅಜ್ಜೀ, ನಾನೇ ಬಿಚ್ಚಿದೆ ನೋಡು!"